‘ನನ್ನ ಗಂಡನೇ?’

ಶೇಕ್ಸ್‌ಪಿಯರನ ‘ಒಥೆಲೊ’ ನಾಟಕದ ಕೊನೆಯ ದೃಶ್ಯದ ಬಗ್ಗೆ ನೀವು ಬರೆದ ನಾಲ್ಕು ಪುಟದ ಪತ್ರ ತಲುಪಿತು. ನಿಮ್ಮ ತಕರಾರು ಎರಡು. ಗಂಡ ಒಥೆಲೊನ ಕೈಯಲ್ಲಿ ಉಸಿರುಗಟ್ಟಿ ಸತ್ತ ಡೆಸ್ಡೆಮೋನಾ ಮತ್ತೆ ಬಾಯಿಬಿಟ್ಟು ಮಾತಾಡುವುದು ಕಂಪನಿ ನಾಟಕದ ಗಿಮಿಕ್ಕಿನಂತಿದೆ ಎನ್ನುತ್ತೀರಿ. ಒಥೆಲೊ ಅಷ್ಟೊಂದು ಪಶ್ಚಾತ್ತಾಪಪಟ್ಟು ಪ್ರಾಣ ಬಿಟ್ಟ ಮೇಲೂ ಅವನನ್ನು ಕ್ಷಮಿಸದಿದ್ದರೆ ನಾವೆಂಥ ಪ್ರೇಕ್ಷಕರು ಎಂದೂ ಕೇಳಿದ್ದೀರಿ. ನಡುವೆ ಒಂದು ಕಡೆ ‘ಇಯಾಗೊ ಸತ್ತ ಮೇಲೆ’ ಎಂದು ಬರೆದಿದ್ದೀರಿ. ಹೆಂಡತಿ ಶೀಲಗೆಟ್ಟಳೆಂದು ಒಥೆಲೊನ ಕಿವಿಯೂದಿದ ಆ ಇಯಾಗೊ ಸಾಯುವುದಿಲ್ಲ. ‘ರಕ್ತ ಸುರಿಯುತ್ತಿದೆ, ಸತ್ತಿಲ್ಲ’ ಎಂದು ಕೊಂಕಾಗಿ ನುಡಿದು, ಇನ್ನು ಒಂದು ಮಾತೂ ಆಡುವುದಿಲ್ಲ ಎಂದು ಬಾಯಿ ಮುಚ್ಚಿಕೊಳ್ಳುತ್ತಾನೆ.

ಗಿಮಿಕ್ಕಿನ ಮಾತಿಗೆ ಬರೋಣ. ಅವಳು ಸತ್ತೇ ಹೋಗಿದ್ದರೆ ಆ ಸುಳ್ಳು ನಮಗೆ ಸಿಗುತ್ತಿರಲಿಲ್ಲ. ಈ ಕೆಲಸ ಯಾರದು ಎಂದು ಅವಳ ಸಖಿ, ಇಯಾಗೊನ ಹೆಂಡತಿ ಎಮಿಲಿಯಾ ಕೇಳಿದಾಗ ಡೆಸ್ಡೆಮೋನಾ ‘ಯಾರದೂ ಅಲ್ಲ, ನನ್ನದೇ’ ಎನ್ನುತ್ತಾಳೆ. ಒಥೆಲೊ ಏನು ಮಾಡುತ್ತಾನೆ ನೋಡಿ. ಮೊದಲು ಆ ಸುಳ್ಳಿನ ಮರೆಗೆ ಸರಿಯುತ್ತಾನೆ: ‘ನಾನಲ್ಲವೆಂದು ಅವಳೇ ಹೇಳಿದ್ದನ್ನು ನೀನೇ ಕೇಳಿದೆಯಲ್ಲ.’ ಮರುಗಳಿಗೆಗೆ ಅದೇ ಸುಳ್ಳನ್ನು ಅವಳ ಮೇಲೆಯೇ ತಿರುಗಿಸುತ್ತಾನೆ: ಸುಳ್ಳು ಹೇಳಿ ನರಕಕ್ಕೆ ಹೋದಳು, ಕೊಂದವನು ನಾನು. ತನ್ನನ್ನು ಉಳಿಸಲು ಆಡಿದ ಮಾತೂ ಅವನಿಗೆ ಅವಳ ಪಾಪಕ್ಕೆ ಇನ್ನೊಂದು ಪುರಾವೆ. ಮತ್ಸರ ಹೇಗೆ ಲೆಕ್ಕ ಹಾಕುತ್ತದೆ ಎಂಬುದು ಇಡೀ ನಾಟಕದಲ್ಲಿ ಇಷ್ಟು ಬಿಚ್ಚಾಗಿ ಇನ್ನೆಲ್ಲೂ ಕಾಣುವುದಿಲ್ಲ. 1610ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಈ ನಾಟಕ ನೋಡಿದವರೊಬ್ಬರು ಲ್ಯಾಟಿನ್‌ನಲ್ಲಿ ಬರೆದ ಪತ್ರ ಉಳಿದಿದೆ. ಆಗೆಲ್ಲ ಹೆಣ್ಣು ಪಾತ್ರಕ್ಕೆ ಹುಡುಗರೇ. ಆ ಡೆಸ್ಡೆಮೋನಾ ಮಾತಾಡುವಾಗಿನದಕ್ಕಿಂತ ಕೊಲೆಯಾಗಿ ಹಾಸಿಗೆಯಲ್ಲಿ ಬಿದ್ದಿದ್ದಾಗ ಬರೀ ಮುಖದಿಂದಲೇ ನೋಡುವವರ ಕರುಳು ಹಿಂಡಿದಳು ಎನ್ನುತ್ತದೆ ಆ ಪತ್ರ.

ನನ್ನ ಮಟ್ಟಿಗೆ ಈ ದೃಶ್ಯ ಒಥೆಲೊನದಲ್ಲ, ಎಮಿಲಿಯಾಳದು. ‘ನಿನ್ನ ಗಂಡನಿಗೆ ಎಲ್ಲ ಗೊತ್ತಿತ್ತು’ ಎಂದು ಒಥೆಲೊ ಅಂದಕೂಡಲೇ ಅವಳು ‘ನನ್ನ ಗಂಡನೇ?’ ಎನ್ನುತ್ತಾಳೆ. ಇನ್ನೊಮ್ಮೆ, ಮತ್ತೊಮ್ಮೆ, ಒಟ್ಟು ಮೂರು ಸಲ ಅದೇ ಎರಡು ಪದ. ಹೇಳಿದ್ದನ್ನೇ ಎಷ್ಟು ಸಲ ಹೇಳುತ್ತೀಯೆ ಎಂದು ಒಥೆಲೊ ರೇಗುತ್ತಾನೆ. ಅದು ಬರೀ ಬೆರಗಲ್ಲ. ಡೆಸ್ಡೆಮೋನಾಳಿಂದ ಬಿದ್ದ ಕರವಸ್ತ್ರವನ್ನು ಎತ್ತಿ ಗಂಡನ ಕೈಗೆ ಕೊಟ್ಟವಳು ಅವಳೇ; ಇಯಾಗೊ ಒಥೆಲೊನನ್ನು ನಂಬಿಸಿದ ಸುಳ್ಳು ಪುರಾವೆ ಅದೇ. ಒಡತಿ ಹುಡುಕುತ್ತಿದ್ದಾಗ ‘ನನಗೆ ಗೊತ್ತಿಲ್ಲಮ್ಮಾ’ ಎಂದವಳೂ ಅವಳೇ. ಮೂರು ಸಲ ಕೇಳುವಷ್ಟರಲ್ಲಿ ಆ ಕರವಸ್ತ್ರ ಅವಳ ಕಣ್ಣಮುಂದೆ ಬಂದು ನಿಂತಿರಬೇಕು ಎಂದು ನನ್ನ ಊಹೆ. ಒಳ್ಳೆಯ ನಟಿಗೆ ಆ ಮೂರನ್ನೂ ಒಂದೇ ದನಿಯಲ್ಲಿ ಹೇಳಲು ಬರುವುದಿಲ್ಲ. ಆಮೇಲೆ ಇಯಾಗೊ ಬಂದು ಮನೆಗೆ ನಡೆ ಎಂದು ಗದರಿಸುತ್ತಾನೆ. ಅವಳ ಉತ್ತರ: ‘ಗಂಡನ ಮಾತು ಕೇಳಬೇಕಾದ್ದೇ, ಈಗ ಮಾತ್ರ ಇಲ್ಲ. ಇಯಾಗೊ, ನಾನಿನ್ನು ಮನೆಗೆ ಬರಲಿಕ್ಕಿಲ್ಲ.’ ಬರುವುದೂ ಇಲ್ಲ. ಅವನ ಕತ್ತಿ ತಿಂದು ಅಲ್ಲೇ ಬೀಳುತ್ತಾಳೆ.

ಇನ್ನು ಕ್ಷಮೆ. ಆ ಕಡೆಯ ಭಾಷಣವನ್ನು ಇನ್ನೊಮ್ಮೆ ಓದಿ. ನಿಮ್ಮ ಪತ್ರಗಳಲ್ಲಿ ನನ್ನ ಬಗ್ಗೆ ಹೀಗೆ ಬರೆಯಿರಿ, ಅತಿಯಾಗಿ ಪ್ರೀತಿಸಿದವನೆಂದು ಬರೆಯಿರಿ ಎಂದು ಒಥೆಲೊ ಒಕ್ಕಣೆ ಹೇಳಿಕೊಡುತ್ತಾನೆ. ಸತ್ತವಳ ಹೆಸರು ಅದರಲ್ಲಿ ಒಮ್ಮೆಯೂ ಬರುವುದಿಲ್ಲ. ಅವಳು ಅಲ್ಲಿ ಕೈಯಾರೆ ಎಸೆದ ಒಂದು ಮುತ್ತು, ಅಷ್ಟೇ. (ಎಸೆದವನು ಯಾರು ಎಂಬುದರಲ್ಲೂ ಪಾಠಾಂತರವಿದೆ: 1622ರ ಮುದ್ರಣದಲ್ಲಿ ‘ಇಂಡಿಯನ್’, 1623ರದ್ದರಲ್ಲಿ ‘ಜೂಡಿಯನ್’, ಅಂದರೆ ಯೆಹೂದ ನಾಡಿನವನು. ಜಗಳ ಇನ್ನೂ ಮುಗಿದಿಲ್ಲ.) ಒಥೆಲೊ ಇಲ್ಲಿ ತನ್ನನ್ನು ತಾನೇ ಹುರಿದುಂಬಿಸಿಕೊಳ್ಳುತ್ತಿದ್ದಾನೆ ಎಂದು ಕವಿ-ವಿಮರ್ಶಕ ಟಿ. ಎಸ್. ಎಲಿಯಟ್ 1927ರಲ್ಲೇ ಹೇಳಿದ್ದ. ನಾನು ಅಷ್ಟು ದೂರ ಹೋಗಲಾರೆ. ಅಲೆಪ್ಪೊದಲ್ಲಿ ವೆನಿಸ್‌ನವನನ್ನು ಹೊಡೆದ ತುರ್ಕನನ್ನು ಕೊಂದ ಕತೆ ಹೇಳುತ್ತ ಹೇಳುತ್ತಲೇ ತನಗೇ ಇರಿದುಕೊಳ್ಳುತ್ತಾನಲ್ಲ, ಅಲ್ಲಿ ವೆನಿಸ್‌ನ ಸೇನಾನಿಯೂ ಅವನೇ, ಶತ್ರುವೂ ಅವನೇ. ಆ ತೀರ್ಪಿನಲ್ಲಿ ನಾಟಕವಿಲ್ಲ. ಹಾಗೆಂದು ಕ್ಷಮಿಸುವ ಹಕ್ಕು ನಮಗೆ ಬಂದೀತೇ? ಅದು ಇದ್ದವಳು ‘ನನ್ನ ಒಡೆಯನಿಗೆ ನನ್ನ ನಮಸ್ಕಾರ ತಿಳಿಸು’ ಎಂದು ಹೇಳಿ ಹೋಗಿಯಾಯಿತು.

ಒಂದು ಕೋರಿಕೆ. ಎಮಿಲಿಯಾ ಬೀಳುವಾಗ ‘ನನ್ನನ್ನು ನನ್ನ ಒಡತಿಯ ಪಕ್ಕ ಮಲಗಿಸಿ’ ಎಂದು ಬೇಡುತ್ತಾಳೆ. ಅಲ್ಲಿರುವ ಗಂಡಸರು ಯಾರೂ ಅದಕ್ಕೆ ಉತ್ತರ ಕೊಡುವುದಿಲ್ಲ. ಕೊನೆಗೆ ವೆನಿಸ್‌ನಿಂದ ಬಂದ ಲೊಡೊವಿಕೊ ಹಾಸಿಗೆಯ ಮೇಲಿನ ಹೆಣಗಳ ಹೊರೆಯನ್ನು ನೋಡಲಾರದೆ ‘ಇದನ್ನು ಮುಚ್ಚಿ’ ಎನ್ನುತ್ತಾನೆ. ಮುಂದಿನ ಸಲ ಈ ನಾಟಕ ನೋಡಿದಾಗ, ಪರದೆ ಎಳೆಯುವ ಮುಂಚೆ ಆ ಹಾಸಿಗೆಯ ಮೇಲೆ ಇಬ್ಬರಿದ್ದರೋ ಮೂವರಿದ್ದರೋ ಎಣಿಸಿ, ನನಗೊಂದು ಕಾಗದ ಹಾಕಿ.

— ಸಂ.