ಒಳಗೆ ಗೋಡೆ, ಹೊರಗೆ ಬರೆ

ಬೆಂಗಳೂರಿನಿಂದ ಮಂಗಳೂರಿಗೆ ವರ್ಗವಾಗಿ ಬರುತ್ತಿದ್ದೀರಿ. ನಿಮ್ಮ ಕಡೆ ಭೂಮಿ ನಡುಗುತ್ತದಂತೆ ಹೌದಾ, ಹೆದರಬೇಕಾ ಅಂತ ಕೇಳಿದ್ದೀರಿ. ನಡುಗಿದ್ದು ಹೌದು. ನನ್ನ ಕಾಲ ಕೆಳಗೇ ನಡುಗಿದೆ. ಆದರೆ ಅದು ಮಂಗಳೂರು ಪೇಟೆಯಲ್ಲಲ್ಲ, ಅಮ್ಮನ ಮನೆಯಲ್ಲಿ. ಆ ಜಾಗ ಎಲ್ಲಿ ಬರುತ್ತದೆ ಅಂತ ಮೊದಲು ಹೇಳಬೇಕು. ಇಲ್ಲದಿದ್ದರೆ ನಮ್ಮ ಹೆದರಿಕೆ ಎಂಥದ್ದು ಅಂತ ಗೊತ್ತಾಗುವುದಿಲ್ಲ.

ನಾನು ಇರುವುದು ಮಂಗಳೂರಿನ ಕಂಕನಾಡಿಯಲ್ಲಿ. ಅಮ್ಮ ಇರುವುದು ಸುಳ್ಯ ತಾಲೂಕಿನ ಕಲ್ಲುಗುಂಡಿ ಹತ್ತಿರ. ಮಡಿಕೇರಿ ಬಸ್ಸು ಹತ್ತಿದರೆ ಸಂಪಾಜೆ ಘಾಟಿಗಿಂತ ಮೊದಲು ಸಿಗುವ ಊರು. ದಕ್ಷಿಣ ಕನ್ನಡ ಜಿಲ್ಲೆ ಅಲ್ಲಿಗೆ ಹೆಚ್ಚುಕಮ್ಮಿ ಮುಗಿಯುತ್ತದೆ. ಆಚೆಗೆ ಕೊಡಗು. ಕಾಡು ದಾಟಿದರೆ ಕೇರಳ. ಊರಿನ ಪಯಸ್ವಿನಿ ಹೊಳೆಯೂ ಹಾಗೇ, ಕೊಡಗಿನಲ್ಲಿ ಹುಟ್ಟಿ, ನಮ್ಮಲ್ಲಿ ಹರಿದು, ಕಾಸರಗೋಡಿಗೆ ಹೋಗಿ ಚಂದ್ರಗಿರಿ ಅಂತ ಹೆಸರು ಬದಲಿಸಿ ಸಮುದ್ರ ಸೇರುತ್ತದೆ. ನಮ್ಮ ಮನೆಯಲ್ಲಿ ಅರೆಭಾಷೆ, ಆಚೆ ಮನೆಯಲ್ಲಿ ತುಳು, ರಸ್ತೆಯ ಅಂಗಡಿಯಲ್ಲಿ ಮಲಯಾಳ. ಶಾಲೆಯಲ್ಲಿ, ಪೇಟೆಯಲ್ಲಿ ಎಲ್ಲರನ್ನೂ ಸೇರಿಸುವುದು ಕನ್ನಡ.

2022ರ ಜೂನ್ 25, ಶನಿವಾರ. ಬೆಳಿಗ್ಗೆ ಒಂಬತ್ತು ಗಂಟೆ ಕಳೆದಿತ್ತು. ಅಮ್ಮ ಫೋನ್ ಮಾಡಿ, "ಈಗ ಎಂಥದ್ದೋ ದೊಡ್ಡ ಸದ್ದು ಬಂತು, ಮನೆ ಗಡಗಡ ಅಂತು" ಅಂದರು. ಸಿಡಿಲಾಗಿರಬೇಕು, ಇಲ್ಲದಿದ್ದರೆ ಕೋರೆಯಲ್ಲಿ ಬಂಡೆ ಒಡೆದಿರಬೇಕು, ಸುಮ್ನೆ ಹೆದರಬೇಡಿ ಅಂದೆ. ಮಳೆಗಾಲದಲ್ಲಿ ನಮ್ಮ ಕಡೆ ಸದ್ದಿಗೆ ಬರವಿಲ್ಲ ಅಲ್ವಾ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸಿಡಿಲು ಮೇಲಿಂದ ಬರ್ತದೆ, ಇದು ಕೆಳಗಿಂದ ಬಂತು" ಅಂದರು. ಸಂಜೆಗೆ ಸುದ್ದಿ ಬಂತು. ಅದು ಭೂಕಂಪವೇ, 2.3 ತೀವ್ರತೆ, ಕೊಡಗಿನ ಕರಿಕೆ ಕಡೆ. ಅಮ್ಮನ ಮಾತನ್ನು ತಳ್ಳಿಹಾಕಿದ್ದಕ್ಕೆ ನನಗೆ ಈಗಲೂ ಬೇಸರ ಉಂಟು. ಅರವತ್ತು ಮಳೆಗಾಲ ಕಂಡವರಿಗೆ ಸಿಡಿಲು ಯಾವುದು ಅಂತ ನಾನು ಹೇಳಿಕೊಡಬೇಕಾಗಿರಲಿಲ್ಲ.

ಸೋಮವಾರ ರಾತ್ರಿ ಊರಿಗೆ ಹೋದೆ. ಮಂಗಳವಾರ ಬೆಳಿಗ್ಗೆ 7.45ಕ್ಕೆ ಮತ್ತೆ ಬಂತು. ಈ ಸಲ 3.0.

ಮೊದಲು ಬಂದದ್ದು ಸದ್ದು. ಕಲ್ಲು ತುಂಬಿದ ಲಾರಿ ಅಡುಗೆಮನೆಯ ನೆಲದಡಿಯಲ್ಲಿ ಹೋದ ಹಾಗೆ. ನಾನು ಬಾಗಿಲ ಹತ್ತಿರ ಚಹಾ ಕುಡಿಯುತ್ತಾ ನಿಂತಿದ್ದೆ. ಅಂಗಾಲಿನಿಂದ ಮೊಣಕಾಲಿನವರೆಗೆ ಒಂದು ನಡುಕ ಹತ್ತಿತು. ಕಪಾಟಿನ ಸ್ಟೀಲ್ ಮುಚ್ಚಳಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ತಲೆಯ ಮೇಲೆ ಹಂಚು ಕಟಕಟ ಅಂತು. ನಮ್ಮ ಕಡೆಯ ಹಂಚನ್ನು ರೀಪಿನ ಮೇಲೆ ಒಂದಕ್ಕೊಂದು ಸಿಕ್ಕಿಸಿ ಇಡುವುದು ಅಷ್ಟೇ, ಸಿಮೆಂಟು ಹಾಕಿ ಕೂರಿಸುವುದಿಲ್ಲ. ಹಾಗಾಗಿ ಮನೆ ಅಲುಗಿದರೆ ಮೊದಲು ಮಾತಾಡುವುದು ಹಂಚು. ಎಷ್ಟೋ ವರ್ಷದ ಮಸಿ, ಜೇಡರ ಬಲೆ ಎಲ್ಲ ದೋಸೆ ಹಿಟ್ಟಿನ ಮೇಲೆ ಉದುರಿತು. ಎಲ್ಲ ಸೇರಿ ಮೂರೋ ನಾಲ್ಕೋ ಸೆಕೆಂಡು. ಅಷ್ಟರೊಳಗೆ ಅಮ್ಮ ಗ್ಯಾಸ್ ಬಂದ್ ಮಾಡಿ ನನ್ನ ಕೈ ಹಿಡಿದು ಅಂಗಳಕ್ಕೆ ಎಳೆದಿದ್ದರು.

ಹೊರಗೆ ಜೋರು ಮಳೆ. ಎಲ್ಲ ಮನೆಯವರೂ ಕೊಡೆಯಿಲ್ಲದೆ ಅಂಗಳದಲ್ಲಿ ನಿಂತಿದ್ದರು. ಒಬ್ಬರು "ದಾದ ಆಂಡ್?" ಅಂತ, ಇನ್ನೊಬ್ಬರು "ಎಂದ್ ಪಟ್ಟಿ?" ಅಂತ, ನಾವು "ಎಂಥ ಆತ್?" ಅಂತ. ಎಲ್ಲರದ್ದೂ ಒಂದೇ ಪ್ರಶ್ನೆ.

ನಮ್ಮ ಕಷ್ಟ ಶುರುವಾಗುವುದು ಆ ಅಂಗಳದಲ್ಲಿ. ಭೂಕಂಪ ಆದರೆ ಬಯಲಿಗೆ ಹೋಗಿ ಅಂತ ಎಲ್ಲ ಕಡೆ ಹೇಳುತ್ತಾರೆ. ನಮ್ಮಲ್ಲಿ ಬಯಲೆಲ್ಲಿದೆ? ಗುಡ್ಡ ಕಡಿದು ಸಮ ಮಾಡಿ ಮನೆ ಕಟ್ಟಿದ್ದೇವೆ. ಮನೆ ಹಿಂದೆ ಎರಡಾಳೆತ್ತರದ ಮಣ್ಣಿನ ಗೋಡೆ. ಅದನ್ನೇ ಬರೆ ಅನ್ನುವುದು. ಮುಂದೆ ತೋಟ, ಕೆಳಗೆ ಹೊಳೆ. ಜೂನ್ ಕೊನೆಗೆ ಬರೆ ನೀರು ಕುಡಿದು ಭಾರವಾಗಿರುತ್ತದೆ. ಒಳಗಿದ್ದರೆ ಗೋಡೆಯ ಹೆದರಿಕೆ, ಹೊರಗಿದ್ದರೆ ಬರೆ ಜರಿಯುವ ಹೆದರಿಕೆ. 2018ರ ಆಗಸ್ಟ್‌ನಲ್ಲಿ ಘಾಟಿಯ ಮೇಲಿನ ಜೋಡುಪಾಲದಲ್ಲಿ ಗುಡ್ಡವೇ ಕುಸಿದು ಬಂದದ್ದನ್ನು ಊರು ಮರೆತಿಲ್ಲ. ಮೇಲಿನವರು ಉಟ್ಟ ಬಟ್ಟೆಯಲ್ಲಿ ಇಳಿದು ಬಂದು ನಮ್ಮ ಕಡೆಯ ಪರಿಹಾರ ಕೇಂದ್ರಗಳಲ್ಲಿ ಉಳಿದಿದ್ದರು. ಹಾಗಾಗಿ ಅವತ್ತು ಅಂಗಳದಲ್ಲಿ ಯಾರೂ ಮನೆಯ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಗುಡ್ಡದ ಮೇಲೆ.

ಅದೇ ದಿನ ಸಂಜೆ ಇನ್ನೊಂದು, ಸಣ್ಣದು. ಜುಲೈ 1ರ ರಾತ್ರಿ ಒಂದೂಕಾಲರ ಹೊತ್ತಿಗೆ ಮತ್ತೊಂದು. ಅಷ್ಟರಲ್ಲಿ ನಾನು ಮಂಗಳೂರಿಗೆ ವಾಪಸ್ ಬಂದಿದ್ದೆ. ಅಮ್ಮ ಬೆಳಗಾಗುವವರೆಗೆ ಜಗಲಿಯಲ್ಲೇ ಕೂತಿದ್ದರಂತೆ, ಟಾರ್ಚ್ ಹಿಡಿದುಕೊಂಡು. ಒಳಗೂ ಅಲ್ಲ, ಹೊರಗೂ ಅಲ್ಲ. "ಕಿಲ್ಲಾರಿ ಥರ ಆಗ್ತದಾ?" ಅಂತ ಕೇಳಿದರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ಕಡೆ ಮಲಗಿದ್ದವರ ಮೇಲೆ ಮನೆ ಬಿದ್ದು ಸುಮಾರು ಹತ್ತು ಸಾವಿರ ಜನ ಸತ್ತದ್ದು ಅವರಿಗೆ ಚೆನ್ನಾಗಿ ನೆನಪಿದೆ. ಅದು 6.2 ಇತ್ತು, ಅಲ್ಲಿಯವು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು, ಮೇಲೆ ಭಾರದ ಮಾಡು ಅಂತ ಹೇಳಿದೆ. ನಮ್ಮದು ಹಂಚಿನ ಹಗುರ ಮಾಡು ಅಂತಲೂ ಹೇಳಿದೆ. ಈ ಸಲ ಹೆದರಬೇಡಿ ಅನ್ನಲಿಲ್ಲ.

ವಿಜ್ಞಾನಿಗಳು ಬಂದು ನೋಡಿದರು. ಸಣ್ಣ ಕಂಪನ, ಅಪಾಯವಿಲ್ಲ ಅಂದರು. ಅವರು ಹೇಳಿದ್ದು ಸರಿಯೇ. ಆದರೆ 3.0 ಅನ್ನುವ ಅಂಕೆ ನೆಲದಡಿ ಬಿಡುಗಡೆಯಾದ ಶಕ್ತಿಯದ್ದು. ಅದು ನಿಮ್ಮ ಅಡುಗೆಮನೆಗೆ ಎಷ್ಟು ಹತ್ತಿರದಲ್ಲಿ ಆಯಿತು ಅನ್ನುವುದನ್ನು ಆ ಅಂಕೆ ಹೇಳುವುದಿಲ್ಲ. ನನ್ನ ತಮ್ಮನನ್ನು ಕೇಳಿದರೆ ಇದು ಸರಿಯಾಗಿ ಗೊತ್ತಾಗುತ್ತದೆ. ಅವನು ಶಾರ್ಜಾದಲ್ಲಿದ್ದಾನೆ. ಕರಾವಳಿಯಲ್ಲಿ ಗಲ್ಫ್‌ನಲ್ಲಿ ಜನ ಇಲ್ಲದ ಮನೆ ಕಮ್ಮಿ. 2013ರ ಏಪ್ರಿಲ್ 16ರಂದು ಇರಾನ್-ಪಾಕಿಸ್ತಾನ ಗಡಿಯಲ್ಲಿ 7.7ರ ಭೂಕಂಪ ಆದಾಗ ಅವನು ಹದಿನಾಲ್ಕನೇ ಮಹಡಿಯಲ್ಲಿದ್ದ. ಶಕ್ತಿ ಲೆಕ್ಕದಲ್ಲಿ ಅದು ನಮ್ಮದಕ್ಕಿಂತ ಸುಮಾರು ಒಂದು ಕೋಟಿ ಪಟ್ಟು ದೊಡ್ಡದು. ಆದರೆ ಅವನಿಗೆ ಒಂದು ಸದ್ದೂ ಕೇಳಿಸಲಿಲ್ಲ. ಕಟ್ಟಡ ದೋಣಿಯ ಹಾಗೆ ನಿಧಾನಕ್ಕೆ ತೂಗಿತು, ತಲೆ ತಿರುಗಿ ಬಂತು ಅಂದ. ನೂರಾರು ಕಿಲೋಮೀಟರ್ ದಾಟಿ ಬರುವಾಗ ಚುರುಕು ಅಲೆಗಳು ದಾರಿಯಲ್ಲೇ ಸೋತುಹೋಗುತ್ತವೆ. ನಿಧಾನದ ಅಲೆಗಳು ಉಳಿದು ಎತ್ತರದ ಕಟ್ಟಡಗಳನ್ನು ತೂಗುತ್ತವೆ. ಹತ್ತಿರದ, ಆಳವಿಲ್ಲದ ಸಣ್ಣ ಕಂಪನ ಹಾಗಲ್ಲ. ಅದು ಸದ್ದು ಮಾಡಿ, ಒಂದು ಪೆಟ್ಟು ಕೊಟ್ಟು ಹೋಗುತ್ತದೆ.

ಆಗಸ್ಟ್ ಶುರುವಿನಲ್ಲಿ ಭಾರೀ ಮಳೆಗೆ ಹೊಳೆ ಉಕ್ಕಿ ಕಲ್ಲುಗುಂಡಿ ಪೇಟೆಗೇ ನೀರು ನುಗ್ಗಿತು. ಎಲ್ಲ ಭೂಕಂಪದಿಂದಲೇ ಅಂತ ತುಂಬ ಜನ ನಂಬಿದರು. ನನಗೆ ಹಾಗೆ ಅನಿಸುವುದಿಲ್ಲ. ಆ ನೀರು ಮಳೆಯದ್ದು. ಆದರೆ ತಿಂಗಳಿಡೀ ನಿದ್ದೆಗೆಟ್ಟವರ ಹತ್ತಿರ ವಾದ ಮಾಡಲು ನನಗೆ ಮನಸ್ಸು ಬರಲಿಲ್ಲ.

ಇನ್ನು ನಿಮ್ಮ ವಿಷಯ. ಭೂಕಂಪ ವಲಯದ 2002ರ ನಕ್ಷೆಯಲ್ಲಿ ಬೆಂಗಳೂರು 2ನೇ ವಲಯ, ಮಂಗಳೂರು 3ನೇ ವಲಯ ಅಂತ ಇತ್ತು. ಅಂದರೆ ಇಲ್ಲಿ ಕಟ್ಟುವವರು ಸ್ವಲ್ಪ ಜಾಸ್ತಿ ಜಾಗ್ರತೆ ಮಾಡಬೇಕು ಅಂತ. ಅದಕ್ಕಾಗಿ ವರ್ಗ ಬೇಡ ಅನ್ನಬೇಕಾಗಿಲ್ಲ. ಫ್ಲಾಟ್ ನೋಡುವಾಗ ವಿನ್ಯಾಸ ಇಲ್ಲಿಯ ಭೂಕಂಪ ವಲಯಕ್ಕೆ ತಕ್ಕ ಹಾಗೆ ಮಾಡಿದ್ದಾ ಅಂತ ಕೇಳಿ. ನೇತ್ರಾವತಿ, ಗುರುಪುರ ಹೊಳೆಯ ದಡದ ಮೆತ್ತನೆ ಮಣ್ಣಿನಲ್ಲಿ ಅಲುಗಾಟ ಜಾಸ್ತಿ ಆಗುತ್ತದೆ, ಪಾಯದ ಬಗ್ಗೆ ವಿಚಾರಿಸಿ. ಗುಡ್ಡದ ಮೇಲಿನ ಮನೆಯಾದರೆ ಹಿತ್ತಿಲಿಗೆ ಹೋಗಿ ಬರೆ ಎಷ್ಟು ಎತ್ತರ ಉಂಟು, ನೀರು ಹೋಗಲು ಕಣಿ ಇದೆಯಾ ನೋಡಿ. ಆದರೆ ಮಳೆ ಬರುವಾಗ ನೋಡಿ, ಬೇಸಿಗೆಯಲ್ಲಿ ಎಲ್ಲ ಬರೆಯೂ ಚಂದವೇ.

ಒಂದು ಆದಿತ್ಯವಾರ ಮಡಿಕೇರಿ ಕಡೆ ಹೊರಟರೆ ನನಗೆ ಮೊದಲೇ ಹೇಳಿ. ಅಮ್ಮನ ಮನೆ ರಸ್ತೆಯಿಂದ ಹತ್ತು ನಿಮಿಷ. ಊಟ ಮಾಡಿಕೊಂಡು ಹೋಗಬಹುದು. ಆ ಮೂರು ಸೆಕೆಂಡಿನ ಕಥೆಯನ್ನು ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ.