ಗಂಧಕದ ನೀರು, ಕೆಂಪು ಕೆಸರು: ಎರಡೂ ಒಂದೇ ಬುಗ್ಗೆಯೇ?

ರೈತ ಸಂಘದ ಹಳೇ ನಡವಳಿ ಪುಸ್ತಕದಲ್ಲಿ ‘ಗಂಧಕದ ಬುಗ್ಗೆ’ ಎಂದಿದೆ, ಈಗ ಅಲ್ಲಿರುವುದು ಕೆಂಪು ಕೆಸರು, ಜಾಗ ತಪ್ಪಿದೆಯೇ ಎಂದು ಕೇಳಿದ್ದೀರಿ. ತಪ್ಪಿರಲೇಬೇಕೆಂದಿಲ್ಲ.

ಕಬ್ಬಿಣ ನೀರಿನಲ್ಲಿ ಕರಗಿಕೊಂಡೇ ಮೇಲೆ ಬರುತ್ತದೆ. ಗಾಳಿ ತಾಗಿದ ಮೇಲೆ ತುಕ್ಕಾಗಿ, ಕೆಂಪು ಕೆಸರಾಗಿ ತಳಕ್ಕೆ ಕೂರುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಎಂಬ ಗಂಧಕದ ಅನಿಲ ನೀರು ಹರಿಯುತ್ತಲೇ ಹಾರಿಹೋಗುತ್ತದೆ. ಆದ್ದರಿಂದ ಕಾಲುವೆಯಲ್ಲಲ್ಲ, ನೀರು ಉಕ್ಕುವ ಬಾಯಲ್ಲೇ ನೋಡಿ. ಕಲ್ಲಿಗೆ ಅಂಟಿದ ಬಿಳಿ ಎಳೆಗಳು, ಕೆಸರಿನಡಿ ಕಪ್ಪು ಪದರ ಕಂಡರೆ ಗಂಧಕವೂ ಇರುವ ಸಾಧ್ಯತೆ ಹೆಚ್ಚು. ಮುಚ್ಚಿದ ಗುಂಡಿಯೊಳಗೆ ಮಾತ್ರ ದಯವಿಟ್ಟು ತಲೆ ಹಾಕಬೇಡಿ. ಈ ಅನಿಲ ಹೆಚ್ಚಿದ್ದಾಗ ಮೂಗಿನ ಗ್ರಹಣಶಕ್ತಿಯೇ ಸತ್ತು, ಅಪಾಯ ಗೊತ್ತಾಗುವುದಿಲ್ಲ.

ಎರಡು ಗಾಜಿನ ಬಾಟಲಿ ತನ್ನಿ. ಒಂದನ್ನು ಬಾಯಿಮಟ್ಟ ತುಂಬಿಸಿ ಬಿರಡೆ ಹಾಕಿ. ಇನ್ನೊಂದನ್ನು ಅರ್ಧ ತುಂಬಿಸಿ ಚೆನ್ನಾಗಿ ಕುಲುಕಿ. ರಾತ್ರಿ ಕಳೆದು ಅರ್ಧ ಬಾಟಲಿ ಮಾತ್ರ ಕಂದಾಗಿದ್ದರೆ ಕಬ್ಬಿಣ ಕರಗಿಯೇ ಬರುತ್ತಿದೆ ಎಂದರ್ಥ. ಹರಿವನ್ನೂ ಅಳೆಯಿರಿ: 10 ಲೀಟರಿನ ಬಕೆಟ್ 40 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 15 ಲೀಟರ್. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ.

ಇನ್ನು ದಾಖಲೆ. ನಡವಳಿಯಲ್ಲಿ ‘ಕಟ್ಟೆ ಕಟ್ಟಿಸಲು ತೀರ್ಮಾನಿಸಲಾಯಿತು’ ಎಂದಿದ್ದರೆ ಕಟ್ಟಿಸಿದರು ಎಂದು ಬರೆದುಬಿಡಬೇಡಿ. ಎಷ್ಟೋ ಚರಿತ್ರೆಗಳು ಕೆಡುವುದು ಇಲ್ಲೇ. ನಗದು ಪುಸ್ತಕದಲ್ಲಿ ಗಾರೆಯವರ ಕೂಲಿ, ಕಲ್ಲು, ಸುಣ್ಣ, ಪೈಪಿನ ಖರ್ಚು ಹುಡುಕಿ. ಬಾಯಿಗೆ ಪೈಪು ಕೂರಿಸಿದ ಅಥವಾ ತೊಟ್ಟಿ ಸರಿಸಿದ ವರ್ಷದ ನಂತರವೇ ‘ಗಂಧಕ’ ಎಂಬ ಮಾತು ಮಾಯವಾಗಿದ್ದರೆ, ಬುಗ್ಗೆ ಬದಲಾಗಿಲ್ಲ, ಜನ ನೀರು ಹಿಡಿಯುವ ಜಾಗ ಬದಲಾಗಿರಬಹುದು.