ಆ ಒಂಬತ್ತು ನಿಮಿಷದ ಸದ್ದು ಕೇಳಿ

ಪ್ರಶ್ನೆ: ಸರ್, ರೋಮನ್ನರ ಕಾಲದ ಕಥೆಯ ‘ಬೆನ್ ಹರ್’ ಸಿನಿಮಾವನ್ನು ಅಪ್ಪ ಚಿಕ್ಕವರಿದ್ದಾಗ ಹುಬ್ಬಳ್ಳಿ ಟಾಕೀಸಿನಲ್ಲಿ ನೋಡಿದ್ದರಂತೆ. ಈಗಲೂ ಅದನ್ನೇ ಹೇಳುತ್ತಾರೆ. ನಾನು ಮೊಬೈಲಿನಲ್ಲಿ ಹಚ್ಚಿ ಒಂದು ತಾಸಿಗೇ ಬಿಟ್ಟೆ. ಅದರಲ್ಲಿ ಅಂಥಾದ್ದೇನಿದೆ?
– ಓದುಗರೊಬ್ಬರು, ಹಾವೇರಿ

ಉತ್ತರ: ಒಂದು ತಾಸಿಗೇ ಬಿಟ್ಟಿದ್ದರೆ ನೀವು ರಥದ ಓಟ ನೋಡೇ ಇಲ್ಲ. ಅದು ಬರುವುದು ಇಂಟರ್‌ವಲ್ ಆದ ಮೇಲೆ. ಮೂರೂವರೆ ತಾಸಿನ ಸಿನಿಮಾ, ಮೊದಲರ್ಧ ನಿಧಾನ, ಒಪ್ಪುತ್ತೇನೆ. ಆದರೆ ಓಟದಲ್ಲಿ ಎದುರಾಳಿಯಾಗುವ ಬಾಲ್ಯದ ಗೆಳೆಯ ಮೆಸಾಲಾನೇ ಕಥಾನಾಯಕ ಬೆನ್ ಹರ್‌ನನ್ನು ಹಡಗಿನ ಹುಟ್ಟು ಹಾಕುವ ಗುಲಾಮನನ್ನಾಗಿ ಮಾಡಿದ್ದು, ತಾಯಿ ತಂಗಿಯನ್ನು ಸೆರೆಗೆ ತಳ್ಳಿದ್ದು ನೋಡದೆ ಸುಮ್ನೆ ಓಟಕ್ಕೆ ಹಾರಿದರೆ ಅದು ಬರೀ ಕುದುರೆ ಪಂದ್ಯ ಆಗಿಬಿಡುತ್ತದೆ.

ಇನ್ನು ಮೊಬೈಲು. 1959ರ ಈ ಚಿತ್ರವನ್ನು 65 ಎಂಎಂ ಫಿಲ್ಮಿನಲ್ಲಿ ತೆಗೆದರು. ಪರದೆ ಮೇಲೆ ಚಿತ್ರದ ಅಗಲ ಎತ್ತರದ ಎರಡೂಮುಕ್ಕಾಲು ಪಟ್ಟು. ನಾಲ್ಕು ನಾಲ್ಕು ಕುದುರೆಯ ಒಂಬತ್ತು ರಥ, ಅಂದರೆ 36 ಕುದುರೆ, ಅಂಗೈಯಗಲದ ಗಾಜಿನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತವೆ.

ನಿಮ್ಮ ಕಡೆ ಖಾಲಿ ಗಾಡಾ ಸ್ಪರ್ಧೆ, ಅಂದರೆ ಖಾಲಿ ಎತ್ತಿನ ಬಂಡಿ ಓಡಿಸುವ ಪಂದ್ಯ, ನೋಡಿರುತ್ತೀರಿ, ಅಲ್ವಾ? ಗಾಲಿ ಸದ್ದು ಕೇಳಿದ ಕೂಡಲೇ ಜನ ಹಿಂದೆ ಸರಿಯುತ್ತಾರೆ. ಇಲ್ಲೂ ಹಾಗೇ. ಸಂಗೀತ ಕೊಟ್ಟ ಮಿಕ್ಲೋಸ್ ರೋಜಾ ಓಟಕ್ಕೆ ಮುಂಚಿನ ಮೆರವಣಿಗೆಗೆ ಭರ್ಜರಿ ಕಹಳೆ ಊದಿಸಿದ್ದಾರೆ, ಓಟ ಶುರುವಾಯಿತೋ ಸಂಗೀತವೇ ಇಲ್ಲ. ಸುಮಾರು ಒಂಬತ್ತು ನಿಮಿಷ ಬರೀ ಗೊರಸು, ಚಾಟಿ, ಜನರ ಕೂಗು, ಮೆಸಾಲಾನ ಗಾಲಿಗೆ ಹಾಕಿದ ಹಲ್ಲು ಪಕ್ಕದ ರಥದ ಮರ ಕೊರೆಯುವ ಸದ್ದು. ಇಡೀ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಇದೇ.

ಕಂಪ್ಯೂಟರ್ ಇಲ್ಲದ ಕಾಲ ಅದು. ರೋಮಿನ ಸಿನೆಚಿತ್ತಾ ಸ್ಟುಡಿಯೋದಲ್ಲಿ ಮೈದಾನ ಕಟ್ಟಿ ನಿಜವಾದ ಕುದುರೆಗಳನ್ನೇ ಓಡಿಸಿದರು. ನಾಯಕ ಚಾರ್ಲ್ಟನ್ ಹೆಸ್ಟನ್ ರಥ ಹೊಡೆಯಲು ಕಲಿತರು. ಮುರಿದುಬಿದ್ದ ರಥದ ಮೇಲೆ ಹಾರಿಸುವ ದೃಶ್ಯದಲ್ಲಿ ಅವರ ಬದಲು ಸ್ಟಂಟ್ ಮಾಡುವ ಜೋ ಕ್ಯಾನಟ್ ಇದ್ದರು. ಹಾರಿದ ರಭಸಕ್ಕೆ ಅವರು ರಥದ ಮುಂದಕ್ಕೆ ಪಲ್ಟಿ ಹೊಡೆದರು, ಹೇಗೋ ಹಿಡಿದುಕೊಂಡು ಬದುಕಿದರು. ಯಾರೂ ಅಂದುಕೊಂಡಿರದ ಆ ಪಲ್ಟಿಯನ್ನೇ ಸಿನಿಮಾದಲ್ಲಿ ಉಳಿಸಿಕೊಂಡು, ಹೆಸ್ಟನ್ ಮತ್ತೆ ರಥ ಹತ್ತುವ ಶಾಟ್ ಬೇರೆ ತೆಗೆದು ಜೋಡಿಸಿದರು. ಅದನ್ನು ನೋಡುವಾಗ ನಾನು ಈಗಲೂ ಕುರ್ಚಿಯ ಕೈ ಹಿಡಿದುಕೊಳ್ಳುತ್ತೇನೆ.

ಈ ಸಲ ಟಿವಿಯಲ್ಲಿ ಹಚ್ಚಿ, ಲೈಟ್ ಆರಿಸಿ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೈದಾನದ ನಡುವೆ ಡಾಲ್ಫಿನ್ ಬೊಂಬೆಗಳ ಸಾಲಿದೆ. ಒಂದು ಸುತ್ತು ಮುಗಿದರೆ ಒಂದು ಬಾಗುತ್ತದೆ. ಇನ್ನೆಷ್ಟು ಸುತ್ತು ಉಳಿದಿದೆ ಎಂದು ಅಪ್ಪನನ್ನೇ ಕೇಳಿ.